ಪಟ್ಟಿ ಕಿಟಕಿಯ ಬಾಳಿಕೆ ಪಿನ್ನಿನಲ್ಲಿದೆ

ಪಶ್ಚಿಮಕ್ಕೆ ಕಿಟಕಿ ಇರುವ ಬೆಂಗಳೂರಿನ ಮನೆಯವರಿಗೆ ಮಾರ್ಚ್ ತಿಂಗಳ ಸಂಜೆ ನಾಲ್ಕೂವರೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಆಗ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಬಿಸಿಲು ಸಜ್ಜಾದ ಅಡಿಯಿಂದ ನುಗ್ಗಿ ಸೋಫಾ, ಟಿವಿ, ಕಣ್ಣು ಎಲ್ಲದರ ಮೇಲೂ ಬೀಳುತ್ತದೆ. ದಕ್ಷಿಣದ ಕಿಟಕಿಗೆ ಈ ಕಷ್ಟ ಕಮ್ಮಿ. ನಮ್ಮೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ನಡುಮಧ್ಯಾಹ್ನವೂ ಸೂರ್ಯ 53 ಡಿಗ್ರಿಗಿಂತ ಮೇಲೇ ಇರುತ್ತಾನೆ. ಎರಡಡಿ ಸಜ್ಜಾ ಆ ಬಿಸಿಲನ್ನು ಬಹುಪಾಲು ತಡೆಯುತ್ತದೆ. ಪಶ್ಚಿಮದಲ್ಲಿ ಅದು ಸಾಲದು. ಪರದೆ ಎಳೆದರೆ ಬಿಸಿಲಿನ ಜೊತೆ ಬೆಳಕೂ ಹೋಯಿತು, ಗಾಳಿಯೂ ಹೋಯಿತು.

ಓರೆ ಮಾಡಬಹುದಾದ ಮರದ ಪಟ್ಟಿಗಳ ಶಟರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬಚ್ಚಲುಮನೆಯ ವೆಂಟಿಲೇಟರ್‌ನಲ್ಲಿ ಗಾಜಿನ ಪಟ್ಟಿಗಳನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ? ಅದೇ ಏರ್ಪಾಡು ಮರದಲ್ಲಿ, ಕಿಟಕಿಯ ಒಳಮಗ್ಗುಲಿಗೆ. ನೋಡಲು ಸುಲಭ. ಆದರೆ ಒಂದೆರಡು ಮಳೆಗಾಲ ಕಳೆದ ಮೇಲೂ ತಿರುಗಿಸಿದಲ್ಲೇ ನಿಲ್ಲುವ ಶಟರ್ ಮಾಡುವುದು ಸುಲಭವಲ್ಲ.

ಮೊದಲು ಕೋನದ ಲೆಕ್ಕ. ಪಟ್ಟಿಯ ಅಗಲ 6 ಸೆಂಟಿಮೀಟರ್, ಪಟ್ಟಿಯಿಂದ ಪಟ್ಟಿಗೆ 5 ಸೆಂಟಿಮೀಟರ್ ಅಂತರ ಅಂತ ಇಟ್ಟುಕೊಳ್ಳೋಣ. ಮುಚ್ಚಿದಾಗ ಒಂದರ ಮೇಲೊಂದು 1 ಸೆಂಟಿಮೀಟರ್ ಕೂರುತ್ತದೆ, ಸಂದು ಉಳಿಯುವುದಿಲ್ಲ. ಪಟ್ಟಿಗಳು ಮಟ್ಟಸವಾಗಿದ್ದಾಗಲೇ 40 ಡಿಗ್ರಿಗಿಂತ ಮೇಲಿಂದ ಬರುವ ಬಿಸಿಲು ಒಳಗೆ ಬರಲಾರದು. ಸೂರ್ಯ 30 ಡಿಗ್ರಿಗೆ ಇಳಿದಾಗ ಪಟ್ಟಿಯ ಹೊರ ಅಂಚನ್ನು ಬರೀ 16 ಡಿಗ್ರಿ ಬಗ್ಗಿಸಿದರೆ ಸಾಕು, ನೇರ ಬಿಸಿಲು ಪೂರ್ತಿ ನಿಲ್ಲುತ್ತದೆ. ಸೂರ್ಯ ಇನ್ನೂ ಇಳಿದು 10 ಡಿಗ್ರಿಗೆ ಬಂದಾಗ 45 ಡಿಗ್ರಿ ಬೇಕು. ಈ 16ರಿಂದ 45ರ ನಡುವಿನ ಓಡಾಟಕ್ಕಾಗಿಯೇ ಪಟ್ಟಿ ತಿರುಗಬೇಕಾದದ್ದು. 45ಕ್ಕೇ ಕೂಡಿಸಿ ಮೊಳೆ ಹೊಡೆದುಬಿಟ್ಟರೆ ದಿನವಿಡೀ ಸುಮ್ನೆ ಬೆಳಕು ಕಳೆದುಕೊಳ್ಳುತ್ತೀರಿ.

ಯಾವ ಕಡೆ ಓರೆ ಮಾಡುತ್ತೀರಿ ಅನ್ನುವುದೂ ಮುಖ್ಯ. ಹೊರ ಅಂಚು ಕೆಳಗೆ, ಒಳ ಅಂಚು ಮೇಲೆ ಇರಬೇಕು. ಆಗ ರಸ್ತೆಯಿಂದ ತಲೆಯೆತ್ತಿ ನೋಡಿದವರಿಗೆ ನಿಮ್ಮ ಮನೆಯ ಸೀಲಿಂಗ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಒಳಗಿರುವ ನಿಮಗೆ ರಸ್ತೆ ಕಾಣುತ್ತದೆ. ಉಲ್ಟಾ ತಿರುಗಿಸಿ 30 ಡಿಗ್ರಿಗೆ ಬಿಟ್ಟರೆ, 30 ಡಿಗ್ರಿಯ ಸೂರ್ಯ ಪಟ್ಟಿಯ ಗುಂಟವೇ ನೇರ ಒಳಗೆ ಬರುತ್ತಾನೆ.

ಒಳಗಿನ ಶಟರ್‌ನಿಂದ ಕೋಣೆ ತಣ್ಣಗಾಗುತ್ತದೆ ಅಂತ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಆದರೆ ಕಾದ ಪಟ್ಟಿಯಿಂದ ಹೊರಡುವ ಉದ್ದ ಅಲೆಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಹೀಗಾಗಿ ಪಟ್ಟಿ ಹೀರಿಕೊಂಡ ಶಾಖ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೇ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್ ಇದೆಯಲ್ಲ, ಅದು ಗಾಜಿನ ಹೊರಗೇ ಬಿಸಿಲು ತಡೆಯುತ್ತಿತ್ತು. ಶಾಖದ ಮಟ್ಟಿಗೆ ಅದೇ ಸರಿಯಾದ ಜಾಗ. ಒಳಗೇ ಹಾಕಬೇಕು ಅಂದರೆ ಬಿಳಿ ಅಥವಾ ಕೆನೆ ಬಣ್ಣ ಬಳಿಯಿರಿ. ಬಿದ್ದ ಬಿಸಿಲು ಬೆಳಕಾಗಿಯೇ ಗಾಜಿನಾಚೆ ವಾಪಸ್ ಹೋಗುತ್ತದೆ. ಕಡುಗಂದು ಪಾಲಿಶ್ ಚೆಂದ ಕಾಣುತ್ತದೆ, ಒಪ್ಪಿಕೊಂಡೆ. ಪಶ್ಚಿಮದ ಕಿಟಕಿಗೆ ಮಾತ್ರ ಬೇಡ.

ಇನ್ನು ಮರದ ವಿಷಯ. ಕಡಿದು ಒಣಗಿಸಿದ ಮರವೂ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಗಾಳಿಯ ತೇವಾಂಶ 30% ಆಸುಪಾಸಿಗೆ ಇಳಿಯುತ್ತದೆ. ಆಗಸ್ಟ್ ಬೆಳಿಗ್ಗೆ 80% ದಾಟುತ್ತದೆ. ಮರ ದಿನದಿನದ ಏರಿಳಿತಕ್ಕೆ ಪೂರ್ತಿ ಬಗ್ಗುವುದಿಲ್ಲ, ಕಾಲದ ಜೊತೆ ನಿಧಾನವಾಗಿ ಬದಲಾಗುತ್ತದೆ. ಒಳಗಿನ ತೇವ ಬೇಸಿಗೆಗೂ ಮಳೆಗಾಲಕ್ಕೂ 5% ಬದಲಾಯಿತು ಅಂದರೆ 6 ಸೆಂಟಿಮೀಟರ್ ಅಗಲದ ತೇಗದ ತುಂಡು ಸುಮಾರು ಅರ್ಧ ಮಿಲಿಮೀಟರ್ ಉಬ್ಬಬಹುದು. ಉದ್ದದಲ್ಲಿ ಮಾತ್ರ ಬದಲಾವಣೆ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಅದಕ್ಕೇ ಪಟ್ಟಿಯ ತುದಿಯಲ್ಲಿ ಒಂದೂವರೆ ಮಿಲಿಮೀಟರ್ ಸಂದು ಬಿಟ್ಟರೆ ಸಾಕು. ಗೋಳು ಇರುವುದು ಶಟರ್‌ನ ನಿಲುವು ಪಟ್ಟಿಗಳಲ್ಲಿ, ಅಂದರೆ ಪ್ರತಿ ಬಾಗಿಲಿನ ಚೌಕಟ್ಟಿನ ಎಡ, ಬಲಕ್ಕೆ ನೆಟ್ಟಗೆ ನಿಲ್ಲುವ ಮರಗಳಲ್ಲಿ. ಎರಡು ಬಾಗಿಲಿನ ಶಟರ್‌ನಲ್ಲಿ ಇವು ನಾಲ್ಕು. ನಾಲ್ಕೂ ಅರ್ಧರ್ಧ ಮಿಲಿಮೀಟರ್ ಉಬ್ಬಿದರೆ ಒಟ್ಟು 2 ಮಿಲಿಮೀಟರ್ ಆಯಿತು. ಮಾರ್ಚ್‌ನಲ್ಲಿ ಬಿಗಿಯಾಗಿ ಕೂಡಿಸಿದ್ದು ಜುಲೈನಲ್ಲಿ ಹಿಡಿದುಕೊಳ್ಳುವುದು ಇದರಿಂದಲೇ. ಬಡಗಿ ಬಂದು ಉಜ್ಜುಗೊರಡು ಹಾಕಿದರೆ ಮುಂದಿನ ಬೇಸಿಗೆಗೆ ಸಂದು ಬಾಯಿ ಬಿಡುತ್ತದೆ. ಎಡ, ನಡು, ಬಲ ಮೂರೂ ಕಡೆ ಸೇರಿ 4 ಮಿಲಿಮೀಟರ್ ಮೊದಲೇ ಬಿಟ್ಟುಬಿಡುವುದು ಒಳ್ಳೆಯದು.

ಸಾಮಿಲ್‌ನಲ್ಲಿ ಹಲಗೆ ಆರಿಸುವಾಗ ಅದರ ಕೊಯ್ದ ತುದಿ ನೋಡಿ. ಮರದ ಉಂಗುರಗಳು ಹಲಗೆಯ ಅಗಲದ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಆ ಹಲಗೆ ಡೊಂಕಾಗುವುದು ಕಮ್ಮಿ, ಉಬ್ಬುವುದೂ ಕಮ್ಮಿ. ಉಂಗುರ ಬಿಲ್ಲಿನಂತೆ ಮಲಗಿದ್ದರೆ ಬೇಡ ಅನ್ನಿ. ಯಾಕೆಂದರೆ ಮರ ಉಂಗುರದ ಗುಂಟ ಕುಗ್ಗುವುದು, ಉಂಗುರಕ್ಕೆ ಅಡ್ಡಲಾಗಿ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ತೇಗಕ್ಕೆ ದುಡ್ಡಿಲ್ಲದಿದ್ದರೆ ಕಾಫಿ ತೋಟದ ಸಿಲ್ವರ್ ಓಕ್ ಆದೀತು, ಚೆನ್ನಾಗಿ ಒಣಗಿಸಿರಬೇಕು ಅಷ್ಟೆ. ಮರ ಒಣಗಿಸುವುದು ದೊಡ್ಡ ವಿದ್ಯೆ. ಮರದ ವಿಜ್ಞಾನಕ್ಕೆಂದೇ ಮಲ್ಲೇಶ್ವರದಲ್ಲಿ ಒಂದು ಕೇಂದ್ರ ಸರ್ಕಾರಿ ಸಂಸ್ಥೆ ಇದೆ. ಮರದ ನಾರನ್ನು ಅಂಟಿನ ಜೊತೆ ಒತ್ತಿ ಮಾಡುವ ಎಂಡಿಎಫ್ ಹಲಗೆ ಮಾತ್ರ ಬೇಡ. ಕೊಯ್ದ ಅಂಚಿಗೆ ನೀರು ತಾಗಿದರೆ ಊದಿಕೊಳ್ಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಪಟ್ಟಿ ಎಷ್ಟು ಉದ್ದ ಇರಬಹುದು? ತನ್ನದೇ ಭಾರಕ್ಕೆ ಬಾಗುವುದು ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಉದ್ದ ಎರಡು ಪಟ್ಟಾದರೆ ಬಾಗು 16 ಪಟ್ಟು. 9 ಮಿಲಿಮೀಟರ್ ದಪ್ಪದ ತೇಗದ ಪಟ್ಟಿ 60 ಸೆಂಟಿಮೀಟರ್ ಇದ್ದಾಗ 0.16 ಮಿಲಿಮೀಟರ್ ಬಾಗುತ್ತದೆ, ಕಣ್ಣಿಗೆ ಕಾಣದು. 120 ಸೆಂಟಿಮೀಟರ್ ಆದರೆ 2.5 ಮಿಲಿಮೀಟರ್. ವರ್ಷ ಕಳೆದಂತೆ ಅದು ಇನ್ನೂ ಜಾಸ್ತಿಯಾಗುತ್ತದೆ. ಆದ್ದರಿಂದ ಅಗಲ ಕಿಟಕಿಗೆ ಬಾಗಿಲು ಹೆಚ್ಚಿಸಿ, ಪಟ್ಟಿ ಉದ್ದ ಮಾಡಬೇಡಿ.

ಈಗ ಪಿನ್ನು, ಅಂದರೆ ಪಟ್ಟಿಯ ಎರಡೂ ತುದಿಯಿಂದ ಚೌಕಟ್ಟಿನ ರಂಧ್ರಕ್ಕೆ ಕೂರುವ, ಪಟ್ಟಿ ತಿರುಗಲು ಆಧಾರವಾದ ಮೊಳೆಯಂಥ ತುಂಡು. ನನ್ನ ಮಟ್ಟಿಗೆ ಇಡೀ ಶಟರ್‌ನ ಆಯಸ್ಸು ಇರುವುದು ಇಲ್ಲೇ. 120 ಸೆಂಟಿಮೀಟರ್ ಎತ್ತರದ ಒಂದು ಬಾಗಿಲಿನಲ್ಲಿ 24 ಪಟ್ಟಿ. 60 ಸೆಂಟಿಮೀಟರ್‌ನ ಒಂದೊಂದೂ ಸುಮಾರು 210 ಗ್ರಾಂ, ಎಲ್ಲಾ ಸೇರಿ 5 ಕೆಜಿ. ಪಿನ್ ಪಟ್ಟಿಯ ನಟ್ಟನಡುವೆ ಇದ್ದರೆ ಪಟ್ಟಿ ತಾನಾಗಿ ಯಾವ ಕಡೆಗೂ ವಾಲುವುದಿಲ್ಲ. ವಾಲಿಸುವುದು ಎಲ್ಲಾ ಪಟ್ಟಿಗಳನ್ನು ಒಟ್ಟಿಗೆ ತಿರುಗಿಸುವ ಮುಂದಿನ ಕಡ್ಡಿ. ಅದು 250 ಗ್ರಾಂ ತೂಗುತ್ತದೆ, ಪಿನ್ನಿನಿಂದ 30 ಮಿಲಿಮೀಟರ್ ಆಚೆ ಜೋತಾಡುತ್ತದೆ ಅಂದುಕೊಳ್ಳಿ. ತಿರುಗಿಸುವ ಬಲ 250×30, ಅಂದರೆ 7,500 ಗ್ರಾಂ-ಮಿಲಿಮೀಟರ್. ತಡೆಯುವುದು ಪಿನ್ನಿನ ತಿಕ್ಕಾಟ. ಪಟ್ಟಿ, ಕಡ್ಡಿ ಸೇರಿ 5,250 ಗ್ರಾಂ ಭಾರ, ಘರ್ಷಣಾಂಕ (ತಿಕ್ಕಾಟ ಭಾರದ ಎಷ್ಟು ಪಾಲು ಅನ್ನುವ ಅಳತೆ) 0.3, ಪಿನ್ನಿನ ತ್ರಿಜ್ಯ 3 ಮಿಲಿಮೀಟರ್. ಗುಣಿಸಿದರೆ ಸುಮಾರು 4,700. ಕಡ್ಡಿ ಗೆದ್ದಿತು. ಕೈ ಬಿಟ್ಟ ಕೂಡಲೇ ಪಟ್ಟಿಗಳು ಇಳಿಯುತ್ತವೆ. ಕಡ್ಡಿ ಕೋಣೆಯ ಕಡೆ ಇರುವುದರಿಂದ ಒಳ ಅಂಚೇ ಕೆಳಗೆ ಬರುತ್ತದೆ, ಅಂದರೆ ನಮಗೆ ಬೇಡದ ಕಡೆಗೆ.

ಹೊಸ ಶಟರ್‌ನಲ್ಲಿ ಇದು ಗೊತ್ತಾಗುವುದಿಲ್ಲ. ರಂಧ್ರಗಳು ಬಿಗಿಯಾಗಿರುತ್ತವೆ, ಆ ಬಿಗಿಯೇ ಹಿಡಿದಿರುತ್ತದೆ. ತಿರುಗಿಸಿ ತಿರುಗಿಸಿ ಸವೆದ ಮೇಲೆ ನಿಜವಾದ ಲೆಕ್ಕ ಹೊರಬರುತ್ತದೆ. ಹಾಗಾಗಿ ಸವೆದರೂ ಉಳಿಯುವ ತಿಕ್ಕಾಟವನ್ನು ಮೊದಲೇ ಕೊಡಬೇಕು. ಎರಡು ಪಟ್ಟಿಗಳ ತುದಿಗೆ 8 ಮಿಲಿಮೀಟರ್ ತ್ರಿಜ್ಯದಲ್ಲಿ ಒತ್ತುವ ವಾಷರ್, ಅದರ ಹಿಂದೆ ಸ್ಪ್ರಿಂಗ್, ಅದನ್ನು ಬಿಗಿ ಮಾಡಲು ಹೊರಗಿನಿಂದ ಸಿಗುವ ಒಂದು ಸ್ಕ್ರೂ. ಸ್ಪ್ರಿಂಗ್ ಒಂದೊಂದು ಕೆಜಿ ಒತ್ತಿದರೆ 4,800 ಸೇರುತ್ತದೆ. ಒಟ್ಟು 9,500, ಕಡ್ಡಿ ಸೋತಿತು. ಮೇಲೆತ್ತಲು ಬೇಕಾದದ್ದು ಆಗಲೂ ಸುಮಾರು 570 ಗ್ರಾಂ ಬಲ, ಮಕ್ಕಳ ಬೆರಳಿಗೂ ಆಗುವಂಥದ್ದು.

ಪಿನ್ನಿಗೆ ನೈಲಾನ್ ಅಗ್ಗ. ಆದರೆ ಅದು ತೇವ ಹೀರಿ ಊದುತ್ತದೆ, ಬಿಸಿಲಿಗೆ ಪೆಡಸಾಗಿ ಮುರಿಯುತ್ತದೆ. ಹಿತ್ತಾಳೆ ಪಿನ್, ಅದಕ್ಕೆ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ (ಪಿನ್ ಕೂರುವ ಕೊಳವೆ) ಒಳ್ಳೆಯ ಜೋಡಿ. ಒಂದು ತುದಿಯ ಪಿನ್ ಕೈಗಡಿಯಾರದ ಬೆಲ್ಟಿನ ಪಿನ್ನಿನ ಹಾಗೆ ಒಳಗೆ ಒತ್ತಿಕೊಳ್ಳುವಂತಿರಲಿ. ಆಗ ಒಂದು ಪಟ್ಟಿ ಮುರಿದರೆ ಅದೊಂದನ್ನೇ ತೆಗೆದು ಬೇರೆ ಹಾಕಬಹುದು, ಇಡೀ ಶಟರ್ ಬಿಚ್ಚಬೇಕಾಗಿಲ್ಲ.

ಪಟ್ಟಿ ಗಟ್ಟಿಯಾಯಿತು ಅಂತ ಪಿನ್ನಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಹಿಡಿದು ನಿಲ್ಲಿಸುವ ತಿಕ್ಕಾಟವನ್ನೇ ಎಣ್ಣೆ ತಿಂದುಹಾಕುತ್ತದೆ. ಆಮೇಲೆ ನಮ್ಮ ರಸ್ತೆಯ ಧೂಳು ಅದಕ್ಕೆ ಅಂಟಿ ಕೆಸರಾಗುತ್ತದೆ. ಒಣ ಬ್ರಷ್‌ನಲ್ಲಿ ಧೂಳು ತೆಗೆದು, ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿ ನೋಡಿ.