ಡೊಮೇನ್ ಅವಧಿ ಮುಗಿದ ಮೇಲೆ ಹೆಸರು ಯಾರದು?

ಪ್ರಶ್ನೆ: ನಮ್ಮ ಸಂಸ್ಥೆಯ ಡಾಟ್ ಕಾಮ್ ಹೆಸರನ್ನು ನವೀಕರಿಸಲು ಮರೆತು ಹತ್ತು ದಿನವಾಯಿತು. ಜಾಲತಾಣ ತೆರೆದರೆ ಯಾವುದೋ ಜಾಹೀರಾತು ಪುಟ ಬರುತ್ತಿದೆ. ಡೊಮೇನ್ ನೋಂದಣಿಯ ವಿವರ ತೋರಿಸುವ ಹೂಈಸ್‌ನಲ್ಲಿ ನೋಡಿದರೆ ಅವಧಿ ಮುಂದಿನ ವರ್ಷದವರೆಗೆ ಇದೆ ಎನ್ನುತ್ತಿದೆ! ಹೆಸರು ಬೇರೆಯವರ ಪಾಲಾಯಿತೇ?

ಇಲ್ಲ, ಬಹುಮಟ್ಟಿಗೆ ಇನ್ನೂ ನಿಮ್ಮ ಕೈಗೆ ಸಿಗುವಂತೆಯೇ ಇದೆ. ಈ ಉತ್ತರವನ್ನು ಆಮೇಲೆ ಓದಬಹುದು. ಮೊದಲು ಡೊಮೇನ್ ಕೊಂಡ ಕಂಪನಿಯ ಖಾತೆಗೆ ಲಾಗಿನ್ ಆಗಿ ಹಣ ಕಟ್ಟಿ ಬನ್ನಿ.

ಬಂದಿರಾ? ಹಾಗಾದರೆ ಆ ಮುಂದಿನ ವರ್ಷದ ತಾರೀಖಿನ ವಿಚಾರ. ನೀವು ಹಣ ಕಟ್ಟುವುದು ರಿಜಿಸ್ಟ್ರಾರ್‌ಗೆ, ಅಂದರೆ ಹೆಸರು ಮಾರಿದ ಕಂಪನಿಗೆ. ಅದರ ಹಿಂದೆ ಎಲ್ಲ ಹೆಸರುಗಳ ದಫ್ತರ ಇಡುವ ರಿಜಿಸ್ಟ್ರಿ ಇರುತ್ತದೆ. ಡಾಟ್ ಕಾಮ್ ಹೆಸರುಗಳ ಮೂಲ ದಫ್ತರ ವೆರಿಸೈನ್ ಕಂಪನಿಯ ಬಳಿ ಇದೆ. ಅವಧಿ ಮುಗಿದ ಕೂಡಲೇ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಮುಂದೂಡಿ, ಆ ಹಣವನ್ನು ರಿಜಿಸ್ಟ್ರಾರ್ ಲೆಕ್ಕಕ್ಕೆ ಬರೆಯುತ್ತದೆ. 45 ದಿನಗಳೊಳಗೆ ರಿಜಿಸ್ಟ್ರಾರ್ ಹೆಸರನ್ನು ಅಳಿಸಿದರೆ ಹಣ ವಾಪಸ್. ನೀವು ಕಂಡ ತಾರೀಖು ಅವರಿಬ್ಬರ ನಡುವಿನ ಲೆಕ್ಕ, ನಿಮಗೆ ಸಿಕ್ಕ ಅಭಯವಲ್ಲ. ಅದನ್ನು ನೋಡಿ ನಿರಾಳವಾಗಿ ಕುಳಿತು ಹೆಸರು ಕಳೆದುಕೊಳ್ಳುವ ಅಪಾಯ ನಿಜವಾದದ್ದು.

ಜಾಹೀರಾತು ಪುಟವೂ ಹೀಗೆಯೇ ದಾರಿ ತಪ್ಪಿಸುತ್ತದೆ. ಯಾರೂ ನಿಮ್ಮ ತಾಣಕ್ಕೆ ಕನ್ನ ಹಾಕಿಲ್ಲ. ರಿಜಿಸ್ಟ್ರಾರ್ ನೇಮ್‌ಸರ್ವರ್ (ಹೆಸರು ಯಾವ ಸರ್ವರ್‌ನತ್ತ ಹೋಗಬೇಕೆಂದು ಹೇಳುವ ಕಂಪ್ಯೂಟರ್) ಬದಲಿಸಿ ಸಂದರ್ಶಕರನ್ನು ತನ್ನ ಪುಟದತ್ತ ತಿರುಗಿಸಿದೆ, ಅಷ್ಟೆ. ನಿಮ್ಮ ಪುಟಗಳು, ಚಿತ್ರಗಳು ಹೋಸ್ಟಿಂಗ್ ಸರ್ವರ್‌ನಲ್ಲಿ ಇದ್ದಂತೆಯೇ ಇರುತ್ತವೆ. ಜಾಗತಿಕ ಹೆಸರುಗಳಿಗೆ ನಿಯಮ ರೂಪಿಸುವ ಐಕ್ಯಾನ್, ಹೆಸರು ಅಳಿಸುವ ಮುನ್ನ ತಾಣವನ್ನು ಕೊನೆಯ ಎಂಟು ದಿನವಾದರೂ ನಿಲ್ಲಿಸಲೇಬೇಕು ಎಂದು ವಿಧಿಸಿದೆ. ಸಿಟ್ಟು ಬರುವುದು ಸಹಜ, ಆದರೆ ಇದು ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ: ಪತ್ರ ಓದದವರೂ ತಾಣ ನಿಂತರೆ ಎಚ್ಚರಗೊಳ್ಳುತ್ತಾರೆ.

ಸುಮ್ಮನಿದ್ದರೆ ಮುಂದೇನು? ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೆ 30 ದಿನಗಳ ರಿಡೆಂಪ್ಷನ್ ಅವಧಿ ಶುರುವಾಗುತ್ತದೆ. ಅಡವಿಟ್ಟದ್ದನ್ನು ಬಿಡಿಸಿಕೊಂಡಂತೆ: ಹೆಸರು ವಾಪಸ್ ಸಿಗುತ್ತದೆ, ಆದರೆ ಶುಲ್ಕ ನವೀಕರಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದೂ ಕಳೆದರೆ ಐದು ದಿನ ಯಾರೂ ಏನೂ ಮಾಡುವಂತಿಲ್ಲ. ಆಮೇಲೆ ಹೆಸರು ಬಯಲಿಗೆ ಬೀಳುತ್ತದೆ, ಕಾದು ಕುಳಿತ ಕಂಪ್ಯೂಟರ್ ಪ್ರೋಗ್ರಾಂಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ಎತ್ತಿಕೊಳ್ಳುತ್ತವೆ.

ಕೂಡಿಸಿದರೆ 80 ದಿನ ಎಂದು ಲೆಕ್ಕ ಹಾಕಬೇಡಿ. 45 ಗರಿಷ್ಠ ಮಿತಿ. ರಿಜಿಸ್ಟ್ರಾರ್ ಬೇಗನೆ ಅಳಿಸಬಹುದು. ಬೆಲೆಬಾಳುವ ಹೆಸರಾದರೆ ಅಳಿಸದೆಯೇ ಹರಾಜು ಹಾಕುವ ಕಂಪನಿಗಳೂ ಇವೆ, ಆಗ ರಿಡೆಂಪ್ಷನ್ ಹಂತ ಬರುವುದೇ ಇಲ್ಲ. ದೇಶಗಳ ಹೆಸರಿನ ಡೊಮೇನ್‌ಗಳಿಗೆ ಆಯಾ ರಿಜಿಸ್ಟ್ರಿಯದೇ ನಿಯಮ.

ನೀವು ಕೇಳದೇ ಬಿಟ್ಟ ಒಂದು ವಿಷಯವಿದೆ, ನನಗೆ ತಾಣಕ್ಕಿಂತ ಅದರದೇ ಚಿಂತೆ: ಇಮೇಲ್. ಡೊಮೇನ್ ನಿಂತ ದಿನವೇ ಅದರ ವಿಳಾಸಗಳೂ ನಿಲ್ಲುತ್ತವೆ. ಐಕ್ಯಾನ್ ನಿಯಮದಂತೆ ಅವಧಿಗೆ ಸುಮಾರು ಒಂದು ತಿಂಗಳು ಮೊದಲು, ಒಂದು ವಾರ ಮೊದಲು, ಮುಗಿದ ಐದು ದಿನಗಳೊಳಗೆ ಒಮ್ಮೆ ಸೂಚನೆ ಬರಬೇಕು. ನೋಂದಣಿಯಲ್ಲಿ ಕೊಟ್ಟದ್ದು ಅದೇ ಡೊಮೇನ್‌ನ ವಿಳಾಸವಾಗಿದ್ದರೆ ಕೊನೆಯ ಸೂಚನೆ ಸತ್ತ ಪೆಟ್ಟಿಗೆಗೆ ಬೀಳಬಹುದು.

ಹೆಸರು ಪರರ ಪಾಲಾದರಂತೂ ನಿಮಗೆ ಬರುವ ಹೊಸ ಪತ್ರಗಳೆಲ್ಲ ಅವರಿಗೆ. ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿಗಳೂ ಕೂಡ. 2022ರಲ್ಲಿ ನಡೆದದ್ದು ಇದೇ. ಪೈಥಾನ್ ತಂತ್ರಾಂಶಗಳ ಭಂಡಾರವಾದ ಪೈಪಿಐನಲ್ಲಿದ್ದ 'ಸಿಟಿಎಕ್ಸ್' ಎಂಬ ಪ್ಯಾಕೇಜಿನ ನಿರ್ವಾಹಕರ ಇಮೇಲ್ ಡೊಮೇನ್ ಅವಧಿ ಮೀರಿತ್ತು. ಯಾರೋ ಅದನ್ನು ಕೊಂಡು, ಪಾಸ್‌ವರ್ಡ್ ಬದಲಿಸಿ, ಬಳಕೆದಾರರ ಕಂಪ್ಯೂಟರಿನ ಗುಟ್ಟುಗಳನ್ನು ಕದಿಯುವ ಕೋಡ್ ಅನ್ನು ಅದರೊಳಗೆ ಸೇರಿಸಿದರು. ಬೀಗ ಒಡೆಯಬೇಕಾಗಿಯೇ ಬರಲಿಲ್ಲ.

ಮರೆತವರು ನೀವೊಬ್ಬರೇ ಅಲ್ಲ. 1999ರ ಕ್ರಿಸ್‌ಮಸ್ ವೇಳೆಗೆ ಮೈಕ್ರೋಸಾಫ್ಟ್ ತನ್ನ ಇಮೇಲ್ ಸೇವೆ ಹಾಟ್‌ಮೇಲ್‌ನ ಲಾಗಿನ್‌ಗೆ ಬಳಸುತ್ತಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರನ್ನು ನವೀಕರಿಸದೇ ಬಿಟ್ಟು, ಹಾಟ್‌ಮೇಲ್ ಬಳಕೆದಾರರು ಒಳಹೋಗಲಾಗದೆ ಪರದಾಡಿದ್ದರು. ಕೊನೆಗೆ 35 ಡಾಲರ್ ಕಟ್ಟಿದ್ದು ಲಿನಕ್ಸ್ ಪ್ರೋಗ್ರಾಮರ್ ಒಬ್ಬರು, ಸ್ವಂತ ಜೇಬಿನಿಂದ.

ಈಗ ಹಣ ಕಟ್ಟಿದ ಮೇಲೂ ಜಾಹೀರಾತು ಪುಟವೇ ಕಾಣುತ್ತಿದ್ದರೆ ಗಾಬರಿಯಾಗಬೇಡಿ. ಹಳೆಯ ವಿಳಾಸ ಅಲ್ಲಲ್ಲಿ ಸರ್ವರ್‌ಗಳ ನೆನಪಿನಲ್ಲಿ ಉಳಿದಿರುತ್ತದೆ. ಒಂದೆರಡು ದಿನ ಬೇಕಾಗಬಹುದು. ಆಮೇಲೂ ಸರಿಯಾಗದಿದ್ದರೆ ನೇಮ್‌ಸರ್ವರ್ ಹೆಸರುಗಳು ಮೊದಲಿನಂತಿವೆಯೇ ಎಂದು ಖಾತೆಯಲ್ಲಿ ನೋಡಿ. ನಡುವೆ ತಿರಸ್ಕೃತವಾಗಿ ಹಿಂದಿರುಗಿದ ಇಮೇಲ್‌ಗಳು ಮಾತ್ರ ತಾವಾಗಿ ಬರುವುದಿಲ್ಲ, ಕಳಿಸಿದವರನ್ನೇ ಮತ್ತೊಮ್ಮೆ ಕೇಳಬೇಕು.