ಐಸ್ ಕಾಣದ ಊರಿನಿಂದ ಸ್ಕೇಟಿಂಗ್ ಚಿನ್ನ ಬರುತ್ತದಾ?

ಓದುಗರ ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ರಜೆಯಲ್ಲಿ ಮಂಗಳೂರಿನ ಅತ್ತೆ ಮನೆಗೆ ಹೋದವಳು ಚಕ್ರದ ಸ್ಕೇಟಿಂಗ್ ಕಲಿತು ಬಂದಿದ್ದಾಳೆ. ಈಗ ಒಲಿಂಪಿಕ್ಸಿನ ಐಸ್ ಸ್ಕೇಟಿಂಗ್ ವಿಡಿಯೋ ನೋಡಿ ತಾನೂ ಹಾಗೆ ಹೋಗಬೇಕು ಅನ್ನುತ್ತಾಳೆ. ನಮ್ಮದು ಬದಿಯಡ್ಕ ಹತ್ತಿರದ ಹಳ್ಳಿ, ಇಲ್ಲಿ ಐಸ್ ಇರುವುದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ಚಕ್ರದಲ್ಲಿ ಕಲಿತದ್ದು ಐಸ್ ಮೇಲೆ ಉಪಯೋಗಕ್ಕೆ ಬರುತ್ತದಾ, ಅಲ್ಲ ಸುಮ್ಮನೆ ದುಡ್ಡು ದಂಡವಾ?

ಉತ್ತರ: ಬರುತ್ತದೆ. ಮಕ್ಕಳಿಗೆ ಚಕ್ರದ ಸ್ಕೇಟ್ಸ್ ತೆಗೆದುಕೊಟ್ಟ ಅಪ್ಪ ಅಮ್ಮಂದಿರು ಇದನ್ನು ಆಗಾಗ ಕೇಳುತ್ತಾರೆ. ಅವರಿಗೆಲ್ಲ ನಾನು ಹೇಳುವುದು ಎರಿನ್ ಜಾಕ್ಸನ್ ಅವರ ಕತೆ.

ಎರಿನ್ 1992ರಲ್ಲಿ ಅಮೆರಿಕದ ಫ್ಲೋರಿಡಾದ ಒಕಾಲಾ ಎಂಬ ಊರಿನಲ್ಲಿ ಹುಟ್ಟಿದವರು. ಫ್ಲೋರಿಡಾ ಅಂದರೆ ನಮ್ಮ ಕಡೆಯ ಹಾಗೆಯೇ ಸೆಕೆ, ಮಳೆ, ಬೆವರು. ಒಕಾಲಾಕ್ಕೆ ಹೆಸರು ಬಂದದ್ದು ಕುದುರೆ ಸಾಕುವುದರಿಂದ, ಹಿಮದಿಂದ ಅಲ್ಲ. ಹುಡುಗಿ ಬೆಳೆದದ್ದು ಚಕ್ರದ ಮೇಲೆಯೇ: ಒಂದೇ ಸಾಲಿನಲ್ಲಿ ಚಕ್ರಗಳಿರುವ ಇನ್‌ಲೈನ್ ಸ್ಕೇಟ್ಸ್, ಜೊತೆಗೆ ಹೆಂಗಸರು ಒಬ್ಬರನ್ನೊಬ್ಬರು ತಳ್ಳಿಕೊಂಡು ಆಡುವ ರೋಲರ್ ಡರ್ಬಿ. ನಡುವೆ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಮೆಟೀರಿಯಲ್ಸ್ ಸೈನ್ಸ್ ಎಂಜಿನಿಯರಿಂಗ್ ಪದವಿಯನ್ನೂ ಮುಗಿಸಿದರು. (ಓದು ಕೆಡುತ್ತದೆ ಎಂದು ಮನೆಯಲ್ಲಿ ಅಜ್ಜ ಗೊಣಗಿದರೆ ಈ ವಾಕ್ಯ ತೋರಿಸಿ.) ಐಸ್ ಸ್ಕೇಟಿಂಗನ್ನು ಪೂರ್ತಿಯಾಗಿ ಹಚ್ಚಿಕೊಂಡದ್ದು 2017ರಲ್ಲಿ. ಹೆಚ್ಚುಕಡಿಮೆ ನಾಲ್ಕೇ ತಿಂಗಳ ಅಭ್ಯಾಸದಲ್ಲಿ 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನ ಅಮೆರಿಕ ತಂಡಕ್ಕೆ ಆಯ್ಕೆಯಾದರು. ಅಲ್ಲಿ 500 ಮೀಟರಿನಲ್ಲಿ 24ನೇ ಸ್ಥಾನ.

ನಾಲ್ಕು ತಿಂಗಳಲ್ಲಿ ಇದು ಹೇಗಾಯಿತು ಎಂಬಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ.

ಚಕ್ರವಾಗಲಿ ಬ್ಲೇಡ್ ಆಗಲಿ, ಸ್ಕೇಟಿಂಗಿನಲ್ಲಿ ಕಾಲು ಒತ್ತುವುದು ಪಕ್ಕಕ್ಕೆ, ದೇಹ ಹೋಗುವುದು ಮುಂದಕ್ಕೆ. ಓಡುವವನ ಹಾಗೆ ನೆಲವನ್ನು ಹಿಂದಕ್ಕೆ ಒದ್ದರೆ ಕಾಲು ಜಾರಿ ಹೋಗುತ್ತದೆ ಅಷ್ಟೇ. ಸೊಂಟ ಬಗ್ಗಿಸಿ, ಮೊಣಕಾಲು ಮಡಚಿ ಕುಳಿತ ಹಾಗೆ ಸಾಗುವುದೂ ಎರಡರಲ್ಲಿ ಒಂದೇ. ಆ ವೇಗದಲ್ಲಿ ದೊಡ್ಡ ಅಡ್ಡಿ ನೆಲದ್ದಲ್ಲ, ಎದುರಿನ ಗಾಳಿಯದ್ದು. ತಿರುವಿನಲ್ಲಿ ಎಡಕ್ಕೆ ವಾಲಿಕೊಂಡು ಬಲಗಾಲನ್ನು ಎಡಗಾಲಿನ ಮೇಲಿಂದ ದಾಟಿಸಿ ಇಡುವುದೂ ಹಾಗೆಯೇ. ತೊಡೆಯ ಬಲ, ಸಮತೋಲ, ಬೀಳುವ ಹೆದರಿಕೆ ಹೋಗಿರುವುದು, ಇವೆಲ್ಲ ವರ್ಷಗಟ್ಟಲೆ ಬೆವರು ಸುರಿಸಿ ಬರಬೇಕಾದವು. ಎರಿನ್ ಅವನ್ನು ಹೊತ್ತುಕೊಂಡೇ ಐಸಿಗೆ ಹೋದರು.

ಹೊಸದಾಗಿ ಕಲಿಯಬೇಕಾದದ್ದು ಪಾದದ ಕೆಳಗಿನ ಕೆಲಸ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲಿ ನಾವು ಹೇಗೆ ನಡೆಯುತ್ತೇವೆ? ಸೋಗೆ ಹಾಸಿದ್ದರೆ ಅದರ ಮೇಲೆ, ಇಲ್ಲದಿದ್ದರೆ ಬೆರಳು ಊರಿ, ಪಾದ ಪೂರ್ತಿ ಇಟ್ಟು, ಸಣ್ಣ ಸಣ್ಣ ಹೆಜ್ಜೆ. ಐಸಿನ ಮೇಲೆ ಆ ಬುದ್ಧಿ ನಡೆಯುವುದಿಲ್ಲ. ಚಕ್ರದ ಮೆದು ಪ್ಲಾಸ್ಟಿಕ್ ನೆಲವನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಬ್ಲೇಡಿನ ದಪ್ಪವೋ ಸುಮಾರು ಒಂದು ಮಿಲಿಮೀಟರ್, ಅದರ ಅಂಚು ಐಸಿಗೆ ಸರಿಯಾದ ಕೋನದಲ್ಲಿ ಕಚ್ಚಿದರೆ ಮಾತ್ರ ಒತ್ತಲು ಆಧಾರ ಸಿಗುತ್ತದೆ. ಮೇಲಾಗಿ ಈಗಿನ ಸ್ಪೀಡ್ ಸ್ಕೇಟಿನಲ್ಲಿ ಬ್ಲೇಡ್ ಬೂಟಿಗೆ ಮುಂಭಾಗದಲ್ಲಿ ಮಾತ್ರ ಕೀಲು ಹಾಕಿ ಜೋಡಿಸಿರುತ್ತದೆ. ಹಿಮ್ಮಡಿ ಎದ್ದರೂ ಬ್ಲೇಡ್ ಐಸ್ ಬಿಡದೆ ಇನ್ನೊಂದು ಚೂರು ಹೊತ್ತು ಒತ್ತುತ್ತದೆ, ಆಮೇಲೆ ಟಪ್ಪೆಂದು ಬೂಟಿಗೆ ಬಡಿದು ಕೂರುತ್ತದೆ. ಆ ಸದ್ದಿನಿಂದಲೇ ಅದಕ್ಕೆ ಕ್ಲ್ಯಾಪ್ ಸ್ಕೇಟ್ ಎಂದು ಹೆಸರು. ಅಂಗಳದಲ್ಲಿ ದಿಗಿಣ ಕಲಿತ ಯಕ್ಷಗಾನದ ಹುಡುಗ ಮೊದಲ ಸಲ ಹಲಗೆ ಜೋಡಿಸಿದ ರಂಗಸ್ಥಳ ಹತ್ತಿದಾಗ ಹೆಜ್ಜೆ ಗೊತ್ತಿದ್ದೂ ಕಾಲು ಅನುಮಾನಿಸುತ್ತದಲ್ಲ, ಬಹುಶಃ ಹಾಗೆ.

ಆ ಬ್ಲೇಡ್ ಎಷ್ಟು ನಿರ್ದಯಿ ಎಂದು ಎರಿನ್ ಅವರಿಗೆ ಗೊತ್ತಾದದ್ದು 2022ರ ಜನವರಿಯಲ್ಲಿ. ಆ ಋತುವಿನ ವಿಶ್ವಕಪ್ಪಿನಲ್ಲಿ ಅಷ್ಟರೊಳಗೆ ಎಂಟು 500 ಮೀಟರ್ ಓಟಗಳಲ್ಲಿ ನಾಲ್ಕನ್ನು ಅವರೇ ಗೆದ್ದಿದ್ದರು. ಆದರೆ ಮಿಲ್ವಾಕಿಯಲ್ಲಿ ನಡೆದ ಅಮೆರಿಕದ ಆಯ್ಕೆ ಓಟದಲ್ಲಿ ಒಂದು ಸಲ ಕಾಲು ತಪ್ಪಿತು, ಮೂರನೆಯವರಾದರು. ಒಲಿಂಪಿಕ್ಸಿಗೆ ಹೋಗುವ ಜಾಗ ಎರಡೇ. ಜಗತ್ತಿನ ಮೊದಲ ಸ್ಥಾನದವರು ಮನೆಯಲ್ಲಿ ಕೂರಬೇಕಾಗಿತ್ತು.

ಆ ಓಟ ಗೆದ್ದಿದ್ದವರು ಬ್ರಿಟನಿ ಬೋವ್. ಅವರಿಗೆ 1000 ಮತ್ತು 1500 ಮೀಟರಿನಲ್ಲಿ ಸ್ಥಾನ ಇದ್ದೇ ಇತ್ತು. 500ರ ಜಾಗವನ್ನು ಎರಿನ್ ಅವರಿಗೆ ಬಿಟ್ಟುಕೊಟ್ಟರು. (ಆಮೇಲೆ ಅಮೆರಿಕಕ್ಕೆ ಇನ್ನೊಂದು ಜಾಗ ಸಿಕ್ಕಿ ಬೋವ್ ಕೂಡ ಓಡಿದರು. ಆದರೆ ಬಿಟ್ಟುಕೊಡುವಾಗ ಆ ಖಾತ್ರಿ ಇರಲಿಲ್ಲ.) ಫೆಬ್ರವರಿ 13ರಂದು ಬೀಜಿಂಗಿನಲ್ಲಿ ಎರಿನ್ 37.04 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ನಿಂತಲ್ಲಿಂದ ಹೊರಟ ಲೆಕ್ಕ ಸೇರಿಸಿಯೂ ಸರಾಸರಿ ವೇಗ ಗಂಟೆಗೆ 48 ಕಿಲೋಮೀಟರಿನ ಮೇಲೆ. ನಮ್ಮ ಚೆರ್ಕಳ ರಸ್ತೆಯ ತಿರುವುಗಳಲ್ಲಿ ಬಸ್ಸು ಅಷ್ಟು ವೇಗ ಹೋದರೆ ಒಳಗಿದ್ದವರು ಬೊಬ್ಬೆ ಹಾಕಿಯಾರು. ಎರಡನೆಯವರಾದ ಜಪಾನಿನ ಮಿಹೊ ತಕಾಗಿಗಿಂತ 0.08 ಸೆಕೆಂಡ್ ಮುಂದೆ. ಐಸಿನ ಮೇಲೆ ಅಳೆದರೆ ಸುಮಾರು ಒಂದು ಮೀಟರ್. ಚಳಿಗಾಲದ ಒಲಿಂಪಿಕ್ಸಿನ ವೈಯಕ್ತಿಕ ಸ್ಪರ್ಧೆಯಲ್ಲಿ ಚಿನ್ನ ಗೆದ್ದ ಮೊದಲ ಕಪ್ಪು ಮಹಿಳೆ ಅವರು. ಅಮೆರಿಕದ ಮಹಿಳೆಯೊಬ್ಬರು 500 ಮೀಟರಿನಲ್ಲಿ ಚಿನ್ನ ತಂದದ್ದು 1994ರಲ್ಲಿ ಬಾನಿ ಬ್ಲೇರ್ ಗೆದ್ದ ಮೇಲೆ ಅದೇ ಮೊದಲು.

ನನಗೆ ಇದಕ್ಕಿಂತ ಕುತೂಹಲದ್ದು ಬೇರೆಯೇ. ಬೋವ್ ಕೂಡ ಒಕಾಲಾದವರು! ಅಮೆರಿಕದ ಇನ್ನೊಬ್ಬ ಒಲಿಂಪಿಕ್ ಸ್ಕೇಟರ್ ಜೋಯಿ ಮಾಂಟಿಯಾ ಕೂಡ. ಮೂವರೂ ಚಕ್ರದಿಂದ ಐಸಿಗೆ ಬಂದವರು, ಮೂವರಿಗೂ ಕಲಿಸಿದವರು ರೆನೀ ಹಿಲ್ಡೆಬ್ರಾಂಡ್ ಎಂಬ ಒಬ್ಬರೇ ಕೋಚ್. ಐಸ್ ಇಲ್ಲದ ಊರಿನಲ್ಲಿ ಇದ್ದದ್ದು ಒಂದು ಸ್ಕೇಟಿಂಗ್ ಹಾಲ್, ಬಿಡದೆ ತಿದ್ದುವ ಒಬ್ಬ ಗುರು, ಮುಂದೆ ಹೋಗಿ ತೋರಿಸಿದ ಹಿರಿಯ ಮಕ್ಕಳು. ಕುಂಬಳೆ ಸೀಮೆಯಲ್ಲಿ ಮನೆಮನೆಗೂ ಒಬ್ಬ ತಾಳಮದ್ದಳೆಯ ಅರ್ಥಧಾರಿ ಹುಟ್ಟಿದ್ದು ಮಣ್ಣಿನ ಗುಣದಿಂದ ಎಂದು ನಾವು ಹೇಳಿಕೊಳ್ಳುತ್ತೇವೆ. ಮಣ್ಣಲ್ಲ ಮಾರಾಯ್ರೆ, ರಾತ್ರಿಯಿಡೀ ಕೇಳಿಸಿಕೊಂಡ ಕಿವಿ.

ಇನ್ನು, ಐಸಿಗೆ ಹೋಗದಿದ್ದರೆ ಚಕ್ರ ವ್ಯರ್ಥ ಎಂಬ ನಿಮ್ಮ ಅನುಮಾನವನ್ನು ನಾನು ಒಪ್ಪುವುದಿಲ್ಲ. ಒಲಿಂಪಿಕ್ಸಿನಲ್ಲಿ ಅದಕ್ಕೆ ಜಾಗ ಇಲ್ಲ, ನಿಜ. ಆದರೆ 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸಿನಲ್ಲಿ ಭಾರತದ ಮಹಿಳೆಯರೂ ಪುರುಷರೂ 3000 ಮೀಟರ್ ರಿಲೇಯಲ್ಲಿ ಕಂಚು ತಂದರು. ಆ ಪುರುಷರ ತಂಡದಲ್ಲಿದ್ದ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ ಚೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 1000 ಮೀಟರ್ ಚಿನ್ನವನ್ನೇ ಗೆದ್ದರು. ಐಸೇ ಬೇಕೆಂದರೆ ಡೆಹ್ರಾಡೂನಿನಲ್ಲಿ ಒಳಾಂಗಣ ರಿಂಕ್ ಇದೆ, ಲೇಹ್‌ನಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕೂಟದ ಸ್ಕೇಟಿಂಗ್ ನಡೆಯುತ್ತದೆ. ಅದು ಇನ್ನೂ ಆರೇಳು ವರ್ಷದ ಮೇಲಿನ ಮಾತು.

ಈಗಿನ ಮಾತು ಇಷ್ಟು: ಹೆಲ್ಮೆಟ್ಟು, ಮೊಣಕಾಲು ಮೊಣಕೈಗೆ ಪ್ಯಾಡ್, ಅಂಗೈಗೆ ಗಾರ್ಡ್ ಮೊದಲು. ಇಂಟರ್‌ಲಾಕ್ ಹಾಕಿದ ಅಂಗಳ ಬೇಡ, ಸಂದಿಗೆ ಚಕ್ರ ಸಿಕ್ಕಿ ಮುಗ್ಗರಿಸುತ್ತಾಳೆ. ಒದ್ದೆ ನೆಲ ಬೇಡವೇ ಬೇಡ, ಹಾಗಾಗಿ ಜೂನಿನಿಂದ ಸೆಪ್ಟೆಂಬರ್ ತನಕ ನಿಮಗೊಂದು ನುಣುಪಾದ ಸಿಮೆಂಟ್ ನೆಲದ ಹಾಲ್ ಬೇಕು. ಊರಿನ ಶಾಲೆಯಲ್ಲೋ ಷಟ್ಲ್ ಆಡುವ ಶೆಡ್ಡಿನಲ್ಲೋ ಕೇಳಿ ನೋಡಿ. ನಿಮ್ಮ ಮಗಳ ಜೊತೆಗೆ ಪಕ್ಕದ ಮನೆಯ ಇಬ್ಬರನ್ನೂ ಸೇರಿಸಿಕೊಂಡೇ ಕೇಳಿ.