ನೀರು ಹಂಚುವ ದೇವಿ

ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಬತೂರ್ ಎಂಬ ಜ್ವಾಲಾಮುಖಿ ಇದೆ. ಅದರ ಮಡಿಲಲ್ಲಿ ಒಂದು ದೊಡ್ಡ ಸರೋವರ. ಅಲ್ಲಿ ನೆಲೆಸಿದವಳು ದೇವಿ ದಾನು. ಕೆಳಗಿನ ಗದ್ದೆಗಳಿಗೆ ಹರಿಯುವ ನೀರೆಲ್ಲ ಅವಳದೇ ಎಂದು ಬಾಲಿಯ ಹಿಂದೂ ರೈತರು ನಂಬುತ್ತಾರೆ. ಬೆಳೆಯಲ್ಲಿ ಒಂದು ಪಾಲು ಅವಳ ಗುಡಿಗೆ ಹೋಗುತ್ತದೆ. ಗುಡಿಯ ತೀರ್ಥ ಗದ್ದೆಗೆ ಬರುತ್ತದೆ.

ಒಂದೇ ಕಾಲುವೆಯ ನೀರು ಹಾಯಿಸುವ ರೈತರ ಕೂಟಕ್ಕೆ ಅಲ್ಲಿ ಸುಬಾಕ್ ಎಂದು ಹೆಸರು. ಇಂಥವು ಸಾವಿರಕ್ಕೂ ಜಾಸ್ತಿ ಇವೆ. ಯಾರು ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆ ಬೀಳು ಬಿಡಬೇಕು ಎಂಬುದೆಲ್ಲ ಗುಡಿಯಲ್ಲೇ ತೀರ್ಮಾನ. ನಮ್ಮಲ್ಲಿ ಕೆರೆಯ ನೀರನ್ನು ನೀರುಗಂಟಿ ಹಂಚುತ್ತಿದ್ದ ಅಲ್ವಾ? ಬಾಲಿಯಲ್ಲಿ ಒಂದೇ ಹೊಳೆಯ ಹತ್ತಾರು ಊರುಗಳಿಗೆ ಆ ಕೆಲಸ ಮಾಡುವುದು ಗುಡಿಗಳು.

1970ರ ದಶಕದಲ್ಲಿ ಹಸಿರು ಕ್ರಾಂತಿ ಬಂತು. ಹೊಸ ತಳಿ, ರಾಸಾಯನಿಕ ಗೊಬ್ಬರ. ಗುಡಿಯ ಲೆಕ್ಕ ಬಿಡಿ, ಆದಷ್ಟು ಸಲ ಭತ್ತ ಬೆಳೆಯಿರಿ ಎಂದಿತು ಸರ್ಕಾರ. ಕೆಲವೇ ವರ್ಷಗಳಲ್ಲಿ ನೀರಿಗೆ ಪರದಾಟ ಶುರುವಾಯಿತು. ಕಂದು ಜಿಗಿಹುಳು ಗದ್ದೆಗಳನ್ನು ಸುಟ್ಟ ಹಾಗೆ ಒಣಗಿಸಿತು.

ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಎರಡು ಹೊಳೆಗಳ 172 ಸುಬಾಕ್‌ಗಳ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಿದರು. ಒಬ್ಬೊಬ್ಬರೂ ತಮಗೆ ಬೇಕಾದಾಗ ನಾಟಿ ಮಾಡಿದರೆ ಹುಳು ಹೆಚ್ಚುತ್ತಿತ್ತು. ಎಲ್ಲರೂ ಒಂದೇ ದಿನ ಮಾಡಿದರೆ ನೀರು ಸಾಲುತ್ತಿರಲಿಲ್ಲ. ಜಾಸ್ತಿ ಫಸಲು ಬಂದದ್ದು ಇವೆರಡರ ನಡುವೆ, ಗುಡಿಗಳು ಮಾಡಿಟ್ಟ ಗುಂಪುಗಳನ್ನೇ ಹೋಲುವ ಲೆಕ್ಕದಲ್ಲಿ.

ನನಗೆ ತುಂಬಾ ಹಿಡಿಸಿದ್ದು ಇದರ ಒಳಗುಟ್ಟು. ಕಾಲುವೆಯ ಮೇಲ್ಭಾಗದ ರೈತನಿಗೆ ನೀರು ಮೊದಲು ಸಿಗುತ್ತದೆ. ಕೆಳಗಿನವನಿಗೆ ಅವನೇಕೆ ಬಿಡಬೇಕು? ಹುಳುವಿನ ಭಯ. ಒಂದು ಬಯಲಿನ ಗದ್ದೆಗಳೆಲ್ಲ ಒಟ್ಟಿಗೆ ಬೀಳು ಬಿದ್ದರೆ ಹುಳುವಿಗೆ ತಿನ್ನಲು ಏನೂ ಇರುವುದಿಲ್ಲ, ಸಾಯುತ್ತದೆ. ಕೆಳಗಿನವನು ಜೊತೆಗೂಡದಿದ್ದರೆ ಅವನ ಗದ್ದೆಯ ಹುಳು ಮೇಲಕ್ಕೂ ಹಾರುತ್ತದೆ. ಅವನು ಜೊತೆಗೂಡಬೇಕಾದರೆ ಸಮಯಕ್ಕೆ ನೀರು ಬೇಕು. ಮೇಲಿನವನಿಗೆ ಹುಳುವಿನ ಚಿಂತೆ, ಕೆಳಗಿನವನಿಗೆ ನೀರಿನದು. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗದು.

ಹಾಗಾದರೆ ದೇವಿ ಸುಮ್ನೆ ನೆಪವೇ? ನಾನು ಹಾಗೆ ಅಂದುಕೊಳ್ಳುವುದಿಲ್ಲ. ಲಾಭದ ಲೆಕ್ಕ ಮಳೆ ಕಡಿಮೆಯಾದ ವರ್ಷ ತಪ್ಪುತ್ತದೆ. ಆಗ ಮಾತು ಉಳಿಸಿಕೊಳ್ಳಲು ಇನ್ನೂ ಏನೋ ಬೇಕು. ನೀರು ನನ್ನದಲ್ಲ, ಅವಳದು ಎಂದು ನಂಬಿದವನಿಗೆ ತೂಬು ಮುಚ್ಚಲು ಕೈ ಬರುವುದಿಲ್ಲ. ಒಂದೇ ಗುಡಿಗೆ ವರ್ಷವರ್ಷವೂ ಅಕ್ಕಿ ಹೊತ್ತು ಹೋಗುವವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿರುತ್ತದೆ.

2012ರಲ್ಲಿ ಯುನೆಸ್ಕೋ ಸುಬಾಕ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಬಾಲಿಯಲ್ಲಿ ಗದ್ದೆಗಳು ಹೋಟೆಲು, ವಿಲ್ಲಾಗಳಾಗುತ್ತಿವೆ. ಕಾಲುವೆಯ ಮೇಲ್ಭಾಗದಲ್ಲಿ ವಿಲ್ಲಾ ಕಟ್ಟಿದವನಿಗೆ ಜಿಗಿಹುಳುವಿನ ಭಯ ಎಲ್ಲಿಂದ ಬರಬೇಕು?